ಆಯುಧಪೂಜೆಗೆ ರಜೆ ಹಾಕಿದ ಆಟಗಾರರು

ಕೋರ್ಟಿನ ಕಾಗದಗಳಲ್ಲಿ ನಾನು ಎರಡನೇ ಆರೋಪಿ. ಮೊದಲನೇ ಆರೋಪಿ ನನ್ನ ಗಂಡ. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನಮ್ಮಿಬ್ಬರ ಹೆಸರು ಒಟ್ಟಿಗೆ ಅಚ್ಚಾದದ್ದು ಆ ಆರೋಪಪಟ್ಟಿಯಲ್ಲೇ. ನಗುವವರು ನಗಲಿ. ಆಗಲೂ ಬೇಕಾದಷ್ಟು ಜನ ನಕ್ಕಿದ್ದಾರೆ, ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ.

ಪೀಣ್ಯದಲ್ಲಿ ನಮ್ಮದೊಂದು ಬಾಡಿಗೆ ಶೆಡ್ಡು, ಮನೆ ಚಿಕ್ಕಬಾಣಾವರದಲ್ಲಿ. ಕಾರ್ಖಾನೆಯ ಮಿಷನ್ನುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವುದು ನಮ್ಮ ಕಸುಬು. ಪ್ಯಾನೆಲ್ ಎಂದರೆ ಬೀರುವಿನಂಥ ಒಂದು ತಗಡಿನ ಪೆಟ್ಟಿಗೆ. ಒಳಗೆ ವೈರು, ಸ್ವಿಚ್ಚು, ಮಿಷನ್ನಿಗೆ ಯಾವಾಗ ಏನು ಮಾಡಬೇಕೆಂದು ಹೇಳುವ ಒಂದು ಪುಟ್ಟ ಕಂಪ್ಯೂಟರು. ವೈರು ಎಳೆಯುವುದು ನಾನು, ಪ್ರೋಗ್ರಾಂ ಬರೆಯುವುದು ಇವರು. ಪ್ಯಾನೆಲ್ಲಿನ ಬಾಗಿಲ ಮೇಲೆ ಒಂದು ತಿರುಗಿಸುವ ಸ್ವಿಚ್ಚು ಇರುತ್ತದೆ, ಒಂದು ಕಡೆ ಮ್ಯಾನ್ಯುಯಲ್, ಇನ್ನೊಂದು ಕಡೆ ಆಟೋ. ಮ್ಯಾನ್ಯುಯಲ್‌ನಲ್ಲಿ ಪ್ರತಿ ಏಟಿಗೂ ಯಾರಾದರೂ ಬಟನ್ ಒತ್ತಬೇಕು. ಆಟೋಗೆ ತಿರುಗಿಸಿದರೆ ಮಿಷನ್ ತಾನೇ ಓಡುತ್ತದೆ. ಹೊಸ ಪ್ಯಾನೆಲ್ ಕೂರಿಸಿದ ದಿನ ಇವರು ಸ್ವಿಚ್ಚನ್ನು ಆಟೋಗೆ ತಿರುಗಿಸಿ, ಎರಡೂ ಕೈ ಪ್ಯಾಂಟಿನ ಜೇಬಿಗಿಳಿಸಿ, ಓಡುವ ಮಿಷನ್ನಿಗೆ ಬೆನ್ನು ಹಾಕಿ ನಿಂತು, "ಎಲ್ಲಿ ಸಾರ್, ಟೀ ಬರ್ಲಿ" ಎನ್ನುತ್ತಿದ್ದರು. ತಿರುಗಿ ಕೂಡ ನೋಡುತ್ತಿರಲಿಲ್ಲ. ಅಷ್ಟು ಜಂಬ. ಆ ಜಂಬ ನನಗೆ ಇಷ್ಟವಾಗಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ನಮ್ಮ ಗಿರಾಕಿಗಳಲ್ಲಿ ಒಬ್ಬ ಪ್ರೆಸ್ ಶಾಪಿನ ಓನರ್ ಇದ್ದರು. ತಗಡಿನ ಹಾಳೆಯಿಂದ ವಾಷರು ಕತ್ತರಿಸುವ ಪ್ರೆಸ್ಸುಗಳು ಅವರವು. ಆಯುಧಪೂಜೆಯ ದಿನ ಮಿಷನ್ನುಗಳನ್ನೆಲ್ಲ ತೊಳೆದು, ಎಣ್ಣೆ ಬಿಟ್ಟು, ವಿಭೂತಿ ಕುಂಕುಮ ಹಚ್ಚಿ ಸುಮ್ಮನೆ ನಿಲ್ಲಿಸಿ, ಮಾರನೆಯ ದಿನ ವಿಜಯದಶಮಿಯಂದು ಒಳ್ಳೆಯ ಗಳಿಗೆ ನೋಡಿ ಮತ್ತೆ ಚಾಲು ಮಾಡುವುದು ಪೀಣ್ಯದಲ್ಲಿ ಎಲ್ಲರೂ ನಡೆಸುವ ಪದ್ಧತಿ. ಆ ಓನರ್ ಮೊದಲ ಸ್ವಿಚ್ಚು ತಿರುಗಿಸಲು ಪ್ರತಿ ವರ್ಷ ಇವರನ್ನೇ ಕರೆಸುತ್ತಿದ್ದರು. "ನಿನ್ನ ಕೈಗುಣ ಚೆನ್ನಾಗಿದೆ ಕಣಪ್ಪ. ನೀನು ಕೈ ಇಟ್ರೆ ವರ್ಷವೆಲ್ಲ ಮಿಷನ್ ಕೆಮ್ಮಲ್ಲ" ಎನ್ನುತ್ತಿದ್ದರು. ಆ ಬೀದಿಯಲ್ಲಿ ಇವರಿಗಿಂತ ಓದಿದವರು, ದೊಡ್ಡ ಕಂಪನಿಯವರು ಬೇಕಾದಷ್ಟಿದ್ದರು. ಆದರೆ ಕೈಗುಣ ಎನ್ನುವ ಮಾತು ನನ್ನ ಗಂಡನಿಗೇ ಸೇರಿತ್ತು. ನಮಗೆ ಕೆಲಸ ಬರುತ್ತಿದ್ದದ್ದೂ ಆ ಮಾತಿನಿಂದಲೇ.

ಆ ವರ್ಷಗಳಲ್ಲಿ ಆನ್‌ಲೈನ್ ರಮ್ಮಿಯ ಜಾಹೀರಾತು ಇಲ್ಲದ ಬಸ್ಸಿನ ಬೆನ್ನಿರಲಿಲ್ಲ. ಇದು ಜೂಜಲ್ಲ, ಜಾಣ್ಮೆಯ ಆಟ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಇವರೂ ಒಂದು ಖಾತೆ ತೆರೆದರು. ನನ್ನ ಹೆಸರಲ್ಲೂ ಒಂದು ತೆರೆದೆವು. ನನಗೇನು ಇಸ್ಪೀಟು ಹೊಸದಲ್ಲ. ನನ್ನ ತವರು ದೊಡ್ಡನೆಕ್ಕುಂದಿ. ಮದುವೆ ಛತ್ರದಲ್ಲಿ ಊಟ ಮುಗಿದು ಗಂಡಸರು ಜಮಖಾನ ಹಾಸಿ ರಮ್ಮಿಗೆ ಕೂತರೆ, ನಮ್ಮ ಸೋದರತ್ತೆ ಎಲೆಯಡಿಕೆ ಹಾಕಿಕೊಂಡು ಅವರ ಮಧ್ಯೆ ಹೋಗಿ ಕೂರುತ್ತಿದ್ದಳು. ನನಗೆ ಎಲೆ ಹಿಡಿಯುವುದನ್ನು ಕಲಿಸಿದವಳು ಅವಳೇ. ಇವರಿಗೆ ಆಡುವುದಕ್ಕಿಂತ ಆಟ ಹೇಗೆ ನಡೆಯುತ್ತದೆ ಎಂಬುದರ ಮೇಲೆಯೇ ಕಣ್ಣು. ಸ್ವಲ್ಪ ದಿನ ಆಡಿ, "ಇದು ಸಾರ್ಟಿಂಗ್ ಮಿಷನ್ ಕೆಲಸ ಕಣೇ. ಬಂದ ಎಲೆ ನೋಡು, ಬೇಕಾದ್ದು ಇಟ್ಕೊ, ಬೇಡದ್ದು ಬಿಸಾಕು. ಇದಕ್ಕೆ ಮನುಷ್ಯ ಯಾಕೆ ಬೇಕು?" ಎಂದರು. ಹಾಗೆಂದವರು ಸುಮ್ಮನಿರಲಿಲ್ಲ, ಪ್ರೋಗ್ರಾಂ ಬರೆದೇಬಿಟ್ಟರು. ಅದು ಪರದೆಯ ಮೇಲೆ ನಮಗೆ ಕಾಣುವ ಎಲೆಗಳನ್ನಷ್ಟೇ ನೋಡಿ, ನಾವು ಒತ್ತಬೇಕಾದ ಕಡೆ ತಾನೇ ಒತ್ತುತ್ತಿತ್ತು. ಎದುರಿನವರ ಎಲೆ ಇಣುಕಿ ನೋಡುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಶೆಡ್ಡಿನ ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು ದಿನವಿಡೀ ಆಡುತ್ತಿತ್ತು, ಒಮ್ಮೆ ಇವರ ಖಾತೆಯಲ್ಲಿ, ಒಮ್ಮೆ ನನ್ನದರಲ್ಲಿ. ನಾನು ವೈರಿನ ತುದಿಗೆ ತಾಮ್ರದ ಲಗ್ ಒತ್ತುತ್ತ ಆಗೀಗ ನೋಡುತ್ತಿದ್ದೆ. ಗೆಲ್ಲುತ್ತಿತ್ತು, ಸೋಲುತ್ತಿತ್ತು, ಗೆಲ್ಲುವುದು ಸ್ವಲ್ಪ ಹೆಚ್ಚು. ಅದರಿಂದ ನಾವು ಬಂಗಲೆ ಕಟ್ಟಲಿಲ್ಲ. ಬಂದ ಗಿರಾಕಿಗಳಿಗೆ ಇವರು ಅದನ್ನು ತೋರಿಸಿ, ನಮ್ಮ ಹೊಸ ಪ್ಯಾನೆಲ್ ನೋಡಿ ಎನ್ನುವ ಹಾಗೆಯೇ ಹೇಳುತ್ತಿದ್ದರು. ಕದ್ದುಮುಚ್ಚಿ ಮಾಡುವವನು ಹೀಗೆ ಬೀದಿಗೆಲ್ಲ ತೋರಿಸುತ್ತಾನೆಯೇ? ಈ ಪ್ರಶ್ನೆಯನ್ನು ನಾನು ಪೊಲೀಸರಿಗೂ ಕೇಳಿದೆ, ವಕೀಲರಿಗೂ ಕೇಳಿದೆ. ಯಾರೂ ಬರೆದುಕೊಳ್ಳಲಿಲ್ಲ.

ಆ ವರ್ಷದ ಆಯುಧಪೂಜೆಗೆ ಡ್ರಿಲ್ಲು, ಕಟಿಂಗ್ ಮಿಷನ್ನು, ಸ್ಕೂಟರು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆವು. ಹಬ್ಬದ ಬೆಳಿಗ್ಗೆ ಇವರು ಬೂದುಗುಂಬಳಕಾಯಿ ತರಲು ಹೋದಾಗ ಲ್ಯಾಪ್‌ಟಾಪು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಆಡುತ್ತಿತ್ತು. ನಾನು ಅದನ್ನು ಆಫ್ ಮಾಡಿ, ಒರೆಸಿ, ಮುಚ್ಚಳದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿದೆ. ದುಡಿಯುವ ಮಿಷನ್ನಿಗೆ ಅವತ್ತೊಂದು ದಿನ ಬಿಡುವು ಕೊಡಬೇಕು. ಅದು ತಪ್ಪು ಎಂದು ಇವತ್ತಿಗೂ ನನ್ನ ಬಾಯಲ್ಲಿ ಯಾರೂ ಹೇಳಿಸಲಾರರು.

ಪೊಲೀಸರು ಬಂದದ್ದು ಮುಂದಿನ ಯುಗಾದಿಗೆ ಮೊದಲು, ಹಾಡಹಗಲಲ್ಲಿ. ರಮ್ಮಿ ಕಂಪನಿ ದೂರು ಕೊಟ್ಟಿತ್ತು. ಮನುಷ್ಯ ಆಡುತ್ತಿದ್ದಾನೆಂದು ನಂಬಿಸಿ ಮಿಷನ್ನಿನಿಂದ ಆಡಿಸಿದ್ದಾರೆ, ಇದು ವಂಚನೆ ಎಂದು. ಅಕ್ಕಪಕ್ಕದ ಶೆಡ್ಡಿನವರನ್ನೇ ಪಂಚರೆಂದು ನಿಲ್ಲಿಸಿ ಲ್ಯಾಪ್‌ಟಾಪನ್ನು ಮಹಜರು ಮಾಡಿದರು. ಮುಚ್ಚಳದ ಮೇಲೆ ಕುಂಕುಮ ಇನ್ನೂ ಕೆಂಪಗಿತ್ತು, ಕೀಲಿಗಳ ಸಂದಿಯಲ್ಲಿ ಒಣಗಿದ ಹೂವಿನ ಎಸಳಿತ್ತು. ನನಗೆ ಬೇಗ ಜಾಮೀನು ಸಿಕ್ಕಿತು. ಇವರು ಜೈಲಿಗೆ ಹೋಗಿ ಬಂದರು. ಒಳಗೆ ಏನಾಯಿತೆಂದು ನಾನು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ನನ್ನ ಅಕ್ಕ ಫೋನು ಮಾಡಿ, "ಸುಮ್‌ಸುಮ್ನೆ ಯಾರಾದ್ರೂ ಹಿಡ್ಕೊಂಡು ಹೋಗ್ತಾರೇನೆ? ಏನೋ ಮಾಡಿರ್ಬೇಕು" ಎಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವಳದು. ಅವಳ ಮಗಳ ಮದುವೆಗೆ ನಮ್ಮನ್ನು ಕರೆಯಲಿಲ್ಲ. ಒಳ್ಳೆಯದೇ ಆಯಿತು, ಉಡುಗೊರೆಯ ಖರ್ಚು ಉಳಿಯಿತು.

ಮೊದಲ ಕೋರ್ಟಿನಲ್ಲಿ ವಿಚಾರಣೆ ಎಳೆದು ಎಳೆದು ನಡೆಯಿತು. ಕಂಪನಿಯ ಕಡೆಯ ದೊಡ್ಡ ಸಾಕ್ಷಿ ವೈಟ್‌ಫೀಲ್ಡಿನ ಅವರ ಆಫೀಸಿನ ಒಬ್ಬ ತನಿಖಾಧಿಕಾರಿ. ಇಸ್ತ್ರಿ ಶರಟು, ಕೊರಳಿಗೆ ಕಂಪನಿಯ ಗುರುತಿನ ಚೀಟಿಯ ಪಟ್ಟಿ, ಮಾತು ಮಾತ್ರ ನಮ್ಮ ಕಡೆಯದೇ. ಈ ಎರಡು ಖಾತೆಗಳು ದಿನವಿಡೀ ಆಡುತ್ತವೆ, ದಣಿಯುವುದಿಲ್ಲ ಎಂದು ಮೊದಲು ಏನೇನೋ ನಕ್ಷೆ ತೋರಿಸಿದ. ನ್ಯಾಯಾಧೀಶರಿಗೆ ಆಕಳಿಕೆ ಬರುತ್ತಿತ್ತು. ಆಮೇಲೆ ಅವನು ನಕ್ಷೆ ಕೆಳಗಿಟ್ಟು ಹೇಳಿದ:

"ಸ್ವಾಮಿ, ಹಬ್ಬದ ರಜೆಯಲ್ಲಿ ಜನ ಜಾಸ್ತಿ ಆಡ್ತಾರೆ. ಆಯುಧಪೂಜೆ ದಿನ ನಮ್ಮ ಟೇಬಲ್‌ಗಳೆಲ್ಲ ಫುಲ್ ಇತ್ತು. ಅವತ್ತು ಬೆಳಿಗ್ಗೆಯಿಂದ ಪೂರ್ತಿ ಆಫ್ ಆಗಿದ್ದು ಈ ಎರಡು ಖಾತೆ. ಮಾರನೇ ದಿನ ಮತ್ತೆ ಆನ್. ನಮ್ಮ ಕಡೆ ಆಯುಧಪೂಜೆಗೆ ರೆಸ್ಟ್ ಕೊಡೋದು ಯಾವುದಕ್ಕೆ ಸ್ವಾಮಿ? ಮಿಷನ್ನಿಗೆ ತಾನೆ?"

ಕೋರ್ಟು ಹಾಲ್ ಪೂರ್ತಿ ನಕ್ಕಿತು. ನ್ಯಾಯಾಧೀಶರ ಆಕಳಿಕೆ ನಿಂತಿತು. ಕುಂಕುಮ ಹಚ್ಚಿದ ಲ್ಯಾಪ್‌ಟಾಪಿನ ಫೋಟೋ ಕೈಯಿಂದ ಕೈಗೆ ಹೋಯಿತು. ಆ ಮನುಷ್ಯನನ್ನು ನಾನು ಅವತ್ತು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ. ಹೊರಗಿನವನಾಗಿದ್ದರೆ ಅವನಿಗೆ ಇದು ಹೊಳೆಯುತ್ತಿರಲಿಲ್ಲ. ಅವನ ಮನೆಯಲ್ಲೂ ಅವನ ತಾಯಿ ಹೊಲಿಗೆ ಮಿಷನ್ನಿಗೆ ಹೂವು ಇಟ್ಟಿರುತ್ತಾಳೆ. ಆ ಹೂವನ್ನೇ ಕಿತ್ತು ತಂದು ನಮ್ಮ ಕುತ್ತಿಗೆಗೆ ಹಾಕಿದ.

ಆ ಸಂಜೆ ನಮ್ಮ ವಕೀಲರು ಒಂದು ಉಪಾಯ ಹೇಳಿದರು. "ಅವತ್ತು ತಿರುಪತಿಗೆ ಹೋಗಿದ್ವಿ ಅಂತ ಹೇಳ್ಬಿಡಿ. ಅದಕ್ಕೇ ಆಡ್ಲಿಲ್ಲ. ಫೋಟೋ ಏನಾದ್ರೂ ಇದ್ದೇ ಇರುತ್ತಲ್ಲ."

ಇವರು ತಲೆಯಾಡಿಸಿದರು. "ಬೇಡ ಸಾರ್. ಪೂಜೆ ಮಾಡಿ ನಿಲ್ಲಿಸಿದ್ವಿ. ಆಯುಧಪೂಜೆ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ."

"ವಂಚನೆ ಕೇಸು ಕಣ್ರೀ ಇದು. ನೀವು ಹರಿಶ್ಚಂದ್ರ ಆಗೋಕೆ ಹೋಗ್ಬೇಡಿ."

"ವಂಚನೆ ಕೇಸು ಅಂತಾನೇ ಸಾರ್" ಎಂದರು ಇವರು.

ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಆ ಕಂಪನಿಯ ಮುಖಕ್ಕೆ ಹತ್ತು ಸುಳ್ಳು ಹೇಳಿದರೂ ನನಗೆ ನಿದ್ದೆ ಕೆಡುತ್ತಿರಲಿಲ್ಲ. ಆದರೆ ಮೊದಲನೇ ಆರೋಪಿ ಒಂದು ಮಾತು, ಎರಡನೇ ಆರೋಪಿ ಒಂದು ಮಾತು ಆಗುವುದು ಬೇಡವೆಂದು ಸುಮ್ಮನಾದೆ. ನ್ಯಾಯಾಧೀಶರು ಕೇಳಿದಾಗ ಇವರು ಕಟಕಟೆಯಲ್ಲಿ ಎರಡೂ ಕೈ ಹಿಂದೆ ಕಟ್ಟಿಕೊಂಡು, "ಹೌದು ಸ್ವಾಮಿ, ಅದು ನಾನು ಬರೆದ ಪ್ರೋಗ್ರಾಂ. ಅವತ್ತು ಪೂಜೆ ಮಾಡಿ ನಿಲ್ಲಿಸಿದ್ವಿ" ಎಂದರು. ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಕ್ಕೆ ಮೊದಲ ದಿನವೇ ಪೇದೆ ಗದರಿಸಿದ್ದ. ಅಂದಿನಿಂದ ಹಾಗೆ ನಿಲ್ಲುವುದು ಅಭ್ಯಾಸವಾಗಿಬಿಟ್ಟಿತ್ತು.

ವಕೀಲರು ಒಂದು ಒಳ್ಳೆಯ ಕೆಲಸವನ್ನಂತೂ ಮಾಡಿದರು. ಪಾಟಿ ಸವಾಲಿನಲ್ಲಿ ಆ ತನಿಖಾಧಿಕಾರಿಯನ್ನು, ಟೇಬಲ್ಲಿಗೆ ಜನ ಸಾಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವನು ಕೊರಳಪಟ್ಟಿ ಸರಿಮಾಡಿಕೊಂಡು, "ಆಟಗಾರರು ಕಾಯೋದು ಬೇಡ ಅಂತ ನಮ್ಮ ಸಾಫ್ಟ್‌ವೇರೇ ಆಡುತ್ತೆ" ಎಂದ. ಯಾವ ಹೆಸರಿನಲ್ಲಿ ಎಂದು ಕೇಳಿದ್ದಕ್ಕೆ, ಮನುಷ್ಯರ ಹೆಸರುಗಳೇ ಇರುತ್ತವೆ, ಬಹುಪಾಲು ಹೆಂಗಸರ ಹೆಸರುಗಳು ಎಂದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನಮ್ಮ ಮಿಷನ್ನು ಎಷ್ಟೋ ಸಲ ಅವರ ಮಿಷನ್ನಿನ ಜೊತೆಗೇ ಆಡಿರಬೇಕು, ಸೀರೆ ಉಟ್ಟ ಫೋಟೋ ಹಾಕಿಕೊಂಡ ಮಿಷನ್ನಿನ ಜೊತೆ. ಅದು ಜಾಣ್ಮೆ, ನಮ್ಮದು ವಂಚನೆ. ನ್ಯಾಯಾಧೀಶರು ಅದು ಕಂಪನಿಯ ಒಳಗಿನ ವ್ಯವಹಾರ, ಈ ಕೇಸಿಗೆ ಸಂಬಂಧವಿಲ್ಲ ಎಂದರು. ವಾದ ಮಾಡುವಾಗ ಸರ್ಕಾರಿ ವಕೀಲರು ನನ್ನ ಕಡೆ ಕೈ ತೋರಿಸಿ, "ವೈರಿಂಗ್ ಕೆಲಸ ಮಾಡುವ ಈ ಹೆಣ್ಣುಮಗಳು ರಮ್ಮಿಯಲ್ಲಿ ಇಷ್ಟು ಗೆಲ್ಲುತ್ತಾರೆಂದರೆ ಯಾರು ನಂಬುತ್ತಾರೆ?" ಎಂದರು. ನಮ್ಮ ಸೋದರತ್ತೆ ಅಲ್ಲಿದ್ದಿದ್ದರೆ ಅವರ ಕರಿಕೋಟನ್ನು ಪಣಕ್ಕಿಡಿಸಿ ಆಡಿ ಬಿಚ್ಚಿಸಿಕೊಂಡು ಹೋಗುತ್ತಿದ್ದಳು.

ಇಬ್ಬರಿಗೂ ಶಿಕ್ಷೆಯಾಯಿತು. ಮೇಲ್ಮನವಿ ಹಾಕುವವರೆಗೂ ಜಾಮೀನಿದ್ದದ್ದರಿಂದ ಮನೆಗೆ ಬಂದೆವು. ತೀರ್ಪಿನ ಸುದ್ದಿ ನಮಗಿಂತ ಮೊದಲು ಪೀಣ್ಯ ತಲುಪಿತ್ತು.

ನಿಜವಾದ ಶಿಕ್ಷೆ ಶುರುವಾದದ್ದು ಆಮೇಲೆ. ಪ್ಯಾನೆಲ್ಲಿನವನಿಗೆ ಗಿರಾಕಿ ತನ್ನ ಮಿಷನ್ನನ್ನೇ ಒಪ್ಪಿಸಿ ಆಚೆ ಹೋಗುತ್ತಾನೆ. ಒಳಗೆ ಇವನು ಏನು ಬರೆದಿಟ್ಟಿದ್ದಾನೆಂದು ಯಾರಿಗೂ ಕಾಣುವುದಿಲ್ಲ, ನಂಬಿಕೆಯೇ ಎಲ್ಲ. ವಂಚಕ ಎಂದು ಕೋರ್ಟು ಹೇಳಿದವನಿಗೆ ಯಾರು ಮಿಷನ್ ಒಪ್ಪಿಸುತ್ತಾರೆ? ಒಬ್ಬೊಬ್ಬರಾಗಿ ಬಿಟ್ಟುಹೋದರು. ಎದುರಿಗೆ ಸಿಕ್ಕರೆ ಆರ್ಡರೇ ಇಲ್ಲ ಎನ್ನುತ್ತಿದ್ದರು, ಅವರ ಶೆಡ್ಡಿಗೆ ಬೇರೆಯವನ ಪ್ಯಾನೆಲ್ ಇಳಿಯುವುದನ್ನು ನಾನೇ ಕಣ್ಣಾರೆ ನೋಡುತ್ತಿದ್ದೆ. ಆ ವರ್ಷದ ವಿಜಯದಶಮಿಗೆ ಪ್ರೆಸ್ ಶಾಪಿನ ಓನರ್ ಕರೆಯಲಿಲ್ಲ. ಇವರು ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಶರಟು ಹಾಕಿಕೊಂಡು, ಫೋನು ಮುಂದಿಟ್ಟುಕೊಂಡು ಕೂತಿದ್ದರು. ನಾನು ನೋಡಲಾರದೆ ಗದರಿದೆ.

"ಶರಟು ಬಿಚ್ಚಿಟ್ಟು ತಿಂಡಿ ತಿನ್ರೀ. ಕೈಗುಣ ಅವರಿಗೆ ಬೇಡವಾಗಿದೆ."

"ಗಳಿಗೆ ಇನ್ನೂ ಇದೆ" ಎಂದರು.

ಗಳಿಗೆ ಮುಗಿಯಿತು. ಮರುವರ್ಷ ಶರಟನ್ನೂ ಹಾಕಲಿಲ್ಲ. ನಮ್ಮ ಹೊಟ್ಟೆಪಾಡಿಗೆ ನಾನು ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ವೈರು ಎಳೆದೆ. ಇವರು ಮೋಟರು ರಿಪೇರಿಯ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿದರು. ಪ್ರೋಗ್ರಾಂ ಬರೆಯುವ ಕೆಲಸ ಅಪ್ಪಿತಪ್ಪಿ ಬಂದರೂ ತಾವಾಗಿಯೇ ಬೇಡ ಎನ್ನುತ್ತಿದ್ದರು.

ಮೇಲ್ಮನವಿಯನ್ನು ಕೇಳಿದ ನ್ಯಾಯಾಧೀಶರು ಹೆಚ್ಚು ಮಾತಾಡುವವರಲ್ಲ. ಕಂಪನಿಯ ವಕೀಲರನ್ನು ಎರಡೇ ಪ್ರಶ್ನೆ ಕೇಳಿದರು. ಖಾತೆ ತೆರೆಯುವಾಗ ಒಪ್ಪಿಕೊಂಡ ಷರತ್ತುಗಳಲ್ಲಿ, ಮಿಷನ್ನಿನಿಂದ ಆಡಿಸಬಾರದು ಎಂದು ಎಲ್ಲಿದೆ? ಇರಲಿಲ್ಲ. ನಮ್ಮ ಮೇಲೆ ದೂರು ಕೊಟ್ಟ ಮೇಲೆ ಸೇರಿಸಿದ್ದರಂತೆ. ಎದುರಿಗೆ ಕೂತದ್ದು ಮನುಷ್ಯನೇ ಎಂದು ನೀವು ಆಟಗಾರರಿಗೆ ಮಾತು ಕೊಟ್ಟಿದ್ದಿರಾ, ಕೊಟ್ಟಿದ್ದರೆ ನಿಮ್ಮ ಸಾಫ್ಟ್‌ವೇರು ಯಾರ ಹೆಸರಲ್ಲಿ ಕೂತಿತ್ತು? ಇದಕ್ಕೆ ವಕೀಲರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಉತ್ತರ ಹೇಳಿದರು. ನ್ಯಾಯಾಧೀಶರು ಪೆನ್ನು ಎತ್ತಲಿಲ್ಲ. ತೀರ್ಪಿನಲ್ಲಿ, ಆಟಗಾರನಿಗೆ ಕಾಣುವುದನ್ನೇ ನೋಡಿ ಆಟದ ನಿಯಮದಂತೆ ಆಡಿದ ಪ್ರೋಗ್ರಾಂ ಯಾರಿಗೂ ಸುಳ್ಳು ಹೇಳಿಲ್ಲ, ಮಿಷನ್ನಿಗೆ ಪೂಜೆ ಮಾಡಿದ್ದು ಅದು ಮಿಷನ್ ಎಂಬುದನ್ನು ತೋರಿಸೀತೇ ಹೊರತು ವಂಚನೆಯನ್ನು ತೋರಿಸುವುದಿಲ್ಲ ಎಂದು ಬರೆದರು. ಇಬ್ಬರ ಶಿಕ್ಷೆಯೂ ರದ್ದಾಯಿತು. ಇಷ್ಟು ಸಣ್ಣ ಮಾತು ಹೇಳಲು ಈ ದೇಶದಲ್ಲಿ ಎರಡು ಕೋರ್ಟು, ಇಷ್ಟೊಂದು ವರ್ಷ ಬೇಕಾಯಿತು. ನಾನು ಯಾರಿಗೂ ಕೈ ಮುಗಿಯದೆ ಹೊರಗೆ ಬಂದೆ.

ಆಮೇಲೆ ಶುರುವಾಯಿತು ಮೆರವಣಿಗೆ. ಅಕ್ಕ ಹಣ್ಣು ಹೂವು ತಂದಳು. ಪಂಚರಾಗಿ ಸಹಿ ಹಾಕಿದ ಪಕ್ಕದ ಶೆಡ್ಡಿನವನು ಕೈ ಕುಲುಕಿದ. ಎಲ್ಲರದೂ ಒಂದೇ ಪಲ್ಲವಿ, ನಮಗೆ ಮೊದಲೇ ಗೊತ್ತಿತ್ತು ಎಂದು. ಮೊದಲೇ ಗೊತ್ತಿದ್ದವರು ಇಷ್ಟು ವರ್ಷ ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದರೇ? ಅಕ್ಕನಿಗೆ ಇದನ್ನೇ ಕೇಳಿದೆ. ಅವಳು ಅತ್ತಳು. ಅಳಲಿ ಎಂದು ಬಿಟ್ಟೆ.

ಪ್ರೆಸ್ ಶಾಪಿನ ಓನರ್ ಬಂದದ್ದು ಎಲ್ಲರಿಗಿಂತ ಕೊನೆಗೆ, ಆಯುಧಪೂಜೆಯ ಹಿಂದಿನ ವಾರ. ಹೊಸ ಪ್ರೆಸ್ಸು ತಂದಿದ್ದರು. "ಪ್ಯಾನೆಲ್ ನೀನೇ ಮಾಡ್ಬೇಕಪ್ಪ. ವಿಜಯದಶಮಿಗೆ ನೀನೇ ಶುರು ಮಾಡ್ಬೇಕು" ಎಂದರು. ಬಾಗಿಲಾಚೆ ನಿಲ್ಲಿಸಿಯೇ ಕಳಿಸಿಬಿಡಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಇವರ ಮುಖ ನೋಡಿ ಕಾಫಿ ಇಟ್ಟೆ. ಈ ಒಂದು ಕರೆಗಾಗಿ ಇವರು ಕಾದದ್ದು ನನಗಲ್ಲದೆ ಯಾರಿಗೆ ಗೊತ್ತು. ಆ ವಾರವೆಲ್ಲ ಊಟ ನಿದ್ದೆ ಬಿಟ್ಟು ಪ್ಯಾನೆಲ್ ಮಾಡಿದರು. ವೈರು ನಾನೇ ಎಳೆದೆ. ಹಳೆಯ ಮನುಷ್ಯ ವಾಪಸು ಬಂದರು ಅಂದುಕೊಂಡೆ.

ವಿಜಯದಶಮಿಯ ದಿನ ಇಬ್ಬರೂ ಹೋದೆವು. ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು, ಕೆಲಸದವರೆಲ್ಲ ಹೊಸ ಪ್ರೆಸ್ಸಿನ ಸುತ್ತ ನಿಂತಿದ್ದರು. ಇವರು ಸ್ವಿಚ್ಚನ್ನು ಮ್ಯಾನ್ಯುಯಲ್‌ಗಿಟ್ಟು ಒಂದೊಂದೇ ಏಟು ಹೊಡೆಸಿ ನೋಡಿದರು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ವಾಷರುಗಳು ಟ್ರೇಗೆ ಬಿದ್ದವು. ಓನರ್ ಗಡಿಯಾರ ನೋಡಿದರು.

"ಇನ್ನೇನಪ್ಪ, ಗಳಿಗೆ ಮೀರುತ್ತೆ. ಆಟೋಗೆ ಹಾಕು."

ಇವರು ಸ್ವಿಚ್ಚಿನ ಮೇಲಿಟ್ಟಿದ್ದ ಕೈಯನ್ನು ತೆಗೆದರು. ಶರಟಿನ ಜೇಬಿನಿಂದ ಪೆನ್ನು ತೆಗೆದು ಓನರ್ ಕಡೆ ಚಾಚಿದರು.

"ಸಾರ್, ಆಟೋಗೆ ಹಾಕು ಅಂತ ನೀವೇ ಹೇಳಿದ್ದು ಅಂತ ಒಂದು ಚೀಟಿ ಬರ್ಕೊಡ್ತೀರಾ?"

ಓನರ್ ಗಟ್ಟಿಯಾಗಿ ನಕ್ಕರು. ಕೆಲಸದವರೂ ನಕ್ಕರು. ಇವರು ನಗಲಿಲ್ಲ. ಪೆನ್ನು ಹಿಡಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು, ಕೊನೆಗೆ ಓನರ್ ಕೂಡ.

"ಸುಮ್ನೆ ಒಂದು ಸಾಲು ಸಾರ್. ಸಹಿ ಇದ್ರೆ ಸಾಕು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಂಪನಿಯ ಮೇಲೆ, ಹೂವು ಕಿತ್ತು ತಂದವನ ಮೇಲೆ, ಶಿಕ್ಷೆ ಕೊಟ್ಟವರ ಮೇಲೆ, ಬಾಯಿ ಬಿಟ್ಟುಕೊಂಡು ನಿಂತ ಆ ಓನರ್ ಮೇಲೆ. ಜನರನ್ನು ತಳ್ಳಿಕೊಂಡು ಮುಂದೆ ಹೋದೆ. "ಸರೀರಿ ಪಕ್ಕಕ್ಕೆ" ಎಂದು ಇವರಿಗೆ ಹೇಳಿ, ಸ್ವಿಚ್ಚನ್ನು ನಾನೇ ಆಟೋಗೆ ತಿರುಗಿಸಿದೆ. ಪ್ರೆಸ್ಸು ತಾನೇ ಕೆಳಗಿಳಿಯಿತು, ಮೇಲೆದ್ದಿತು, ಮತ್ತೆ ಇಳಿಯಿತು. ಯಾರೋ ಬೂದುಗುಂಬಳಕಾಯಿ ಒಡೆದರು. ಇನ್ನಾರೋ ಕಡಲೆಪುರಿ ಹಂಚಿದರು.

ಟೀ ಬಂತು. ಇವರು ಲೋಟ ತೆಗೆದುಕೊಳ್ಳಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಕಟಕಟೆಯಲ್ಲಿ ನಿಂತಿದ್ದ ಹಾಗೇ ನಿಂತು, ತಾನೇ ಓಡುತ್ತಿದ್ದ ಮಿಷನ್ನನ್ನು ನೋಡುತ್ತಿದ್ದರು.